ಅರಿಷಿಣ ಕುಂಕುಮದ ಹೊಲ

ಕೇರಿದಷ್ಟೂ ಹೊಟ್ಟು ಹಾರುತ್ತಿತ್ತು. ಮೊರದಲ್ಲಿ ಉಳಿದದ್ದರಲ್ಲಿ ಅರ್ಧ ನುಚ್ಚು, ನುಚ್ಚಿನ ನಡುವೆ ಕಲ್ಲು. ಎಮ್ಮಿಗನೂರಿನ ಕಾಲುವೆ ನೀರಿನ ಭತ್ತ ಎಂಥದೆಂದು ನನಗೆ ಗೊತ್ತು. ಅದರ ಅಕ್ಕಿ ಹೀಗಿರುವುದಿಲ್ಲ. ಇದು ಕಂಪ್ಲಿಯಲ್ಲಿ ನನ್ನ ತಮ್ಮ ದೊಡ್ಡಬಸಪ್ಪನ ಮಿಲ್ಲಿನ ನೆಲ ಗುಡಿಸಿ ತುಂಬಿ ಕಳಿಸಿದ ಅಕ್ಕಿ. ಚೀಲ ತಂದ ಗಾಡಿಯವನು ಇನ್ನೂ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದ.

"ಏನಪಾ, ಈ ಸಲ ಕಲ್ಲು ಜಾಸ್ತಿ ಬೆಳದ್ಯಾವೇನು ನಮ್ಮ ಹೊಲದಾಗ?" ಎಂದೆ.

ಅವನು ನಕ್ಕ. "ಹೊಲದ್ದಲ್ಲ ಅಮ್ಮಾರ, ಇದು ದಾನದ ಅಕ್ಕಿ. ಮಠಕ್ಕೊಂದು ಚೀಲ, ನಿಮಗೊಂದು ಚೀಲ ಅಂತ ಸಾಹುಕಾರ್ರು ಬ್ಯಾರೆ ತಗದಿಡ್ತಾರ."

"ಏನ ಅಕ್ಕಿ ಅಂದಿ?"

"ದಾನದ್ದು ಅಮ್ಮಾರ."

ಪಾಪ, ಅವನದೇನೂ ತಪ್ಪಿಲ್ಲ. ಯಜಮಾನ ಹೇಳಿದ ಮಾತನ್ನು ಅವನು ಚೀಲದ ಜೊತೆಗೇ ಇಳಿಸಿದ್ದ. ನಾನು ಮೊರ ಕೆಳಗಿಟ್ಟೆ. ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ನನ್ನ ಹೊಲದ ಭತ್ತ, ನನ್ನದೇ ಕಾಲುವೆಯ ನೀರು, ಮನೆ ಬಾಗಿಲಿಗೆ ಬರುವಾಗ ಅದು ದಾನ!

ನಾನು ನೀಲಗಂಗಮ್ಮ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನ ಮನೆ. ಎಮ್ಮಿಗನೂರಿನ ಆ ಹೊಲ ನನ್ನ ಮದುವೆಯಲ್ಲಿ ಅಪ್ಪ ಅರಿಷಿಣ ಕುಂಕುಮಕ್ಕೆಂದು ಕೊಟ್ಟದ್ದು. ನಮ್ಮ ಬಳಗದಲ್ಲಿ ಉಳ್ಳವರು ಮಗಳಿಗೆ ಹಾಗೆ ಹೊಲ ಕೊಡುವುದುಂಟು. ಹೊಲದ ಒಂದು ಹೆಂಟೆ ಮಣ್ಣಿಗೆ ಅರಿಷಿಣ ಹಚ್ಚಿ, ಅಕ್ಕಿ ಕೊಬ್ಬರಿಯ ಜೊತೆ ಅಪ್ಪ ನನ್ನ ಉಡಿಗೆ ಹಾಕಿದ್ದ. ಆಮೇಲೆ ಪಟ್ಟಾ ಕೂಡ ನನ್ನ ಹೆಸರಿಗೇ ಮಾಡಿಸಿದ. "ಇದು ನಿಂದವ್ವಾ. ಅತ್ತಿಮನಿದೂ ಅಲ್ಲ, ತವರಮನಿದೂ ಅಲ್ಲ" ಎಂದಿದ್ದ.

ನಮ್ಮ ಮನೆಯವರು ತೀರಿಹೋದರು. ಮಣ್ಣು ಕೊಟ್ಟು ಬಂದವರ ಕೈ ಇನ್ನೂ ಒಣಗಿರಲಿಲ್ಲ, ದೊಡ್ಡಬಸಪ್ಪ ನನ್ನ ಪಕ್ಕದಲ್ಲಿ ಬಂದು ಕೂತ. ಸಮಾಧಾನ ಹೇಳಲು ಬಂದನೆಂದುಕೊಂಡೆ.

"ಅಕ್ಕಾ, ಕುಂಕುಮ ಹೋತು. ಕುಂಕುಮದ ಹೊಲ ಇನ್ನ ತವರಿಗೆ ಬರಬೇಕು, ಅದು ಪದ್ಧತಿ. ನೀ ಚಿಂತಿ ಮಾಡಬ್ಯಾಡ, ಉಣ್ಣಾಕ ಅಕ್ಕಿ ನಾ ಕಳಿಸ್ತೀನಿ" ಎಂದ.

ನನ್ನ ಮಗ ಜಂಬಪ್ಪ ಆಗಿನ್ನೂ ಎಳೆಯ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಳುತ್ತಿದ್ದೆ. ಏನೂ ಹೇಳಲಿಲ್ಲ. ನಾನು ಹೇಳದೆ ಇದ್ದದ್ದನ್ನು ಒಪ್ಪಿಗೆ ಎಂದು ಅವನು ಎತ್ತಿಕೊಂಡು ಹೋದ. ಕುಂಕುಮ ಇದ್ದದ್ದು ನನ್ನ ಹಣೆಯ ಮೇಲೆ, ಹೊಲದ ಬದುವಿನ ಮೇಲಲ್ಲ! ಹಣೆಯದು ಅಳಿಸಿದರೆ ಹೊಲ ಏಕೆ ಅಳಿಯಬೇಕು? ಗಂಡ ಸತ್ತವಳಿಗೆ ಹಸಿವು ಕಡಿಮೆಯಾಗುತ್ತದೆಯೇ? ಆ ಪ್ರಶ್ನೆಗಳು ನನಗೆ ಆಮೇಲೆ ಹುಟ್ಟಿದವು. ಹುಟ್ಟಿದಾಗಲೂ ಕೇಳಲು ಮನೆಯಲ್ಲಿ ಗಂಡಸಿರಬೇಕು ಎಂದರು. ಜಂಬಪ್ಪ ದೊಡ್ಡವನಾದ, ಹೊಳೆಮ್ಮನನ್ನು ಮದುವೆಯಾದ, ಇನ್ನೇನು ಅವನು ಕೇಳುತ್ತಾನೆ ಎನ್ನುವಷ್ಟರಲ್ಲಿ ಜ್ವರ ಬಂದು ಅವನೂ ಹೋದ.

ಉಳಿದವರು ನಾನು ಮತ್ತು ನನ್ನ ಸೊಸೆ ಹೊಳೆಮ್ಮ. ಬಾಳೆತೋಟಗಳಿಗೆ ಕೂಲಿಗೆ ಹೋಗಿ ಬಂದು, ಅದೇ ಕೈಯಲ್ಲಿ ನನಗೆ ಗಂಜಿ ಕಾಸಿ ಕುಡಿಸಿದವಳು ಅವಳು. ನಾನು ಕಾಯಿಲೆ ಬಿದ್ದಾಗ ದೊಡ್ಡಬಸಪ್ಪ ಗಾಡಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಇಳಿಯದೆ, "ಹೆಂಗದಾಳ ಅಕ್ಕ?" ಎಂದು ಕೇಳಿ ಹೋಗುತ್ತಿದ್ದ. ಹೊಳೆಮ್ಮ ನನ್ನ ಕಾಲು ಒತ್ತುತ್ತ ಕೂತಿರುತ್ತಿದ್ದಳು. ಇಪ್ಪತ್ತರ ಹುಡುಗಿ. ಅವಳ ಬೋಳು ಹಣೆ ನೋಡಲು ನನಗೇ ಆಗಲಿಲ್ಲ.

ನಮ್ಮಲ್ಲಿ ಗಂಡ ಸತ್ತವಳಿಗೆ ಮತ್ತೊಂದು ಮದುವೆ ಉಂಟು, ಉಡಿಕಿ ಎನ್ನುತ್ತಾರೆ. ಉಂಟು ಎನ್ನುವುದು ಬಾಯಿಗೆ ಮಾತ್ರ. ವಾದ್ಯ ಇಲ್ಲ, ಚಪ್ಪರ ಇಲ್ಲ, ಮುತ್ತೈದೆಯರು ಅತ್ತ ಸುಳಿಯುವುದಿಲ್ಲ. ಹೊಸ ಸೀರೆ ಉಡಿಸಿ, ಕಳ್ಳತನ ಮಾಡಿದವರ ಹಾಗೆ ಕಳಿಸಿಬಿಡುತ್ತಾರೆ. ಹೋದವಳು ಹಳೆಯ ಮನೆಯ ಹೊಸ್ತಿಲು ತುಳಿಯಬಾರದು. ಆದರೂ ನಾನೇ ಓಡಾಡಿ, ಸಂಡೂರಿನ ಕಡೆ ಯಶವಂತನಗರದಲ್ಲಿ ಅದಿರು ತುಂಬುವ ಪಾಲಪ್ಪನೆಂಬ ಒಳ್ಳೆಯ ಹುಡುಗನನ್ನು ನೋಡಿ ಉಡಿಕಿ ಮಾಡಿಸಿದೆ. ಅವಳ ಹಣೆಗೆ ಕುಂಕುಮವನ್ನೂ ನಾನೇ ಇಟ್ಟೆ.

"ಅತ್ತಿ, ನಿನ್ನ ಬಿಟ್ಟು ಹೆಂಗ ಹೋಗ್ಲಿ?" ಎಂದು ಅತ್ತಳು.

"ಕಾಗದ ಹಾಕಿ ಕರಸ್ತೀನಿ, ಹೋಗು" ಎಂದೆ.

ಈ ಸುದ್ದಿ ಕೇಳಿ ದೊಡ್ಡಬಸಪ್ಪ ಮೊದಲ ಬಾರಿಗೆ ಗಾಡಿಯಿಂದ ಇಳಿದು ಒಳಗೆ ಬಂದ. "ಉಡಿಕಿ ಆದಾಕಿ ಮತ್ತ ಈ ಮನಿಗೆ ಕಾಲಿಟ್ರ, ಅಕ್ಕಿ ಬಂದ್ ಅಕ್ಕಾ" ಎಂದು ಹೇಳಿ ಹೋದ.

ಕಾಗದ ಹಾಕುತ್ತೇನೆ ಎಂದೆನಲ್ಲ, ಬರೆಯುವವರು ಯಾರು? ಓಣಿಯಲ್ಲಿ ಅಕ್ಷರ ಬಲ್ಲವರನ್ನೆಲ್ಲ ಕೇಳಿದೆ. ಉಡಿಕಿ ಆದವಳಿಗೆ ಕಾಗದ ಬರೆದರೆ ಲೇಖಣಿಗೆ ಮೈಲಿಗೆಯಂತೆ! ಆ ವರ್ಷ ಸಂಗಮ್ಮ ಟೀಚರಮ್ಮ ಮಠದ ಪಡಸಾಲೆಯಲ್ಲಿ ಕಂದೀಲು ಹಚ್ಚಿ ಹೆಂಗಸರಿಗೆ ರಾತ್ರಿ ಶಾಲೆ ಶುರುಮಾಡಿದರು. ನಾನು, ನನ್ನ ಗೆಳತಿ ಮುದುಕಮ್ಮ ಇಬ್ಬರೂ ಹೋಗಿ ಕೂತೆವು. ಮುದುಕಮ್ಮ ಹೂವು ಮಾರುವವಳು, ಬಾಯಿ ಜೋರು. "ನನ್ನ ಹೆಸರೇ ಮುದುಕಮ್ಮ, ಇನ್ನ ವಯಸ್ಸಾತು ಅಂತ ನಾಚಿಕಿ ಯಾಕ?" ಎನ್ನುತ್ತಿದ್ದಳು. ನನ್ನ ಕೈ ನಿಧಾನ. ಆದರೂ ಕಾಗದ ಬರೆದೆ. ಊರ ಸುದ್ದಿ, ಮೈಯ ಸುದ್ದಿ, ಎಲ್ಲ ಬರೆದೆ. ಬಾ ಎಂದು ಬರೆಯುವ ಕಡೆಯ ಸಾಲಿಗೆ ಬಂದು ನಿಂತೆ. ಅವಳು ಬಂದರೆ ಅಕ್ಕಿ ನಿಲ್ಲುತ್ತದೆ. ಯಾವ ಅಕ್ಕಿಯಿಂದ ಅವಳಿಗೆ ಅನ್ನ ಮಾಡಿ ಬಡಿಸಲಿ? ಕಾಗದ ಮಡಿಚಿ ಅರಿಷಿಣದ ಡಬ್ಬಿಯಲ್ಲಿಟ್ಟೆ. ಅಲ್ಲೇ ಇದ್ದು ಇದ್ದು ಅದರ ಅಂಚೆಲ್ಲ ಹಳದಿಯಾಯಿತು.

ಒಂದು ದಿನ ಶಾಲೆಯಲ್ಲಿ ಉಯಿಲಿನ ಮಾತು ಬಂತು. ಬಾಯಲ್ಲಿ ಹೇಳಿ ಸತ್ತರೆ ಈಗ ನಡೆಯುವುದಿಲ್ಲ, ಬರೆದು ಸಹಿ ಹಾಕಿ ಇಬ್ಬರು ಸಾಕ್ಷಿ ಹಾಕಬೇಕು, ರಿಜಿಸ್ಟರ್ ಮಾಡಿಸಿದರೆ ಇನ್ನೂ ಗಟ್ಟಿ ಎಂದು ಟೀಚರಮ್ಮ ಹೇಳಿದರು. ಹೆಂಗಸಿಗೆ ತವರಿನಿಂದ ಬಂದ ಆಸ್ತಿ ಅವಳದೇ, ಅವಳ ಇಷ್ಟದಂತೆ ಬರೆಯಬಹುದು ಎಂದೂ ಹೇಳಿದರು. ಆವತ್ತೇ ನಿರ್ಧಾರ ಮಾಡಿದೆ. ನಾನು ಬರೆಯದೆ ಕಣ್ಣು ಮುಚ್ಚಿದರೆ ಅದೇ ದಿನ ಹೊಲ ದೊಡ್ಡಬಸಪ್ಪನದು, ಹೊಳೆಮ್ಮನಿಗೆ ಒಂದು ಹಿಡಿ ಮಣ್ಣೂ ಇಲ್ಲ. ನಿರ್ಧಾರ ಮಾಡಿಯೂ ಸುಗ್ಗಿ ಕಳೆಯಲಿ ಎಂದು ತಡೆದಿದ್ದೆ. ಒಡಹುಟ್ಟಿದವನು, ಒಂದು ದಿನ ತಾನಾಗಿ ಬುದ್ಧಿ ಬಂದೀತು ಎಂದು ಆಸೆ ನನಗೆ.

ದಾನದ ಅಕ್ಕಿ ಬಂದು ಆ ಆಸೆಯನ್ನು ಅಳಿಸಿತು.

"ನಿಮ್ಮ ಸಾಹುಕಾರಗ ಹೇಳಪಾ" ಎಂದೆ ಗಾಡಿಯವನಿಗೆ. "ಬರೋ ಸೋಮವಾರ ನಾ ರಿಜಿಸ್ಟ್ರಿ ಕಚೇರಿಗೆ ಹೋಗಿ ಕುಂಕುಮದ ಹೊಲಕ್ಕ ಉಯಿಲು ಮಾಡಸ್ತೀನಿ. ಹೊಳೆಮ್ಮನ ಹೆಸರಿಗೆ. ತಕರಾರಿದ್ರ ಬರ್ಲಿ. ಪದ್ಧತಿ ಗೊತ್ತಿದ್ದ ಹಿರ್ಯಾರನ್ನೂ ಕರ್ಕೊಂಡು ಬರ್ಲಿ."

ಮುದುಕಮ್ಮ ಕೇಳಿ ಹಣೆ ಬಡಿದುಕೊಂಡಳು. "ಕಳ್ಳಗ ಬಾಗಲಾ ತೋರಿಸಿ ಬಂದ್ಯಲ್ಲೇ! ಸುಮ್ಮನ ಹೋಗಿ ಮಾಡಿಸಿ ಬರೋದು ಬಿಟ್ಟು."

"ಸುಮ್ಮನ ಮಾಡಿಸಿದ್ರ ನಾ ಸತ್ತ ಮ್ಯಾಲ ಆ ಹುಡುಗಿ ಒಬ್ಬಾಕಿನ ಅವನ ಎದರಿಗೆ ನಿಲ್ಲಬೇಕು. ಅದೇನಿದ್ರೂ ನಾ ಇದ್ದಾಗ ಆಗ್ಲಿ" ಎಂದೆ.

ಸೋಮವಾರ ಮುದುಕಮ್ಮನನ್ನು ಕರೆದುಕೊಂಡು ಹೋದೆ. ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಗವಿಸಿದ್ದಪ್ಪ ಮೇಜು ಹಾಕಿಕೊಂಡು ಕೂತಿದ್ದ. ಊರಿನ ದಸ್ತಾವೇಜುಗಳನ್ನೆಲ್ಲ ಬರೆಯುವವನು ಅವನೇ. ನಾನು ಹೇಳುತ್ತ ಹೋದೆ, ಅವನು ಬರೆಯುತ್ತ ಹೋದ. ಹೊಳೆಮ್ಮನ ಹೆಸರು ಬಂದಲ್ಲಿ ಲೇಖಣಿ ನಿಂತಿತು.

"ಅಮ್ಮಾರ, ಸೊಸಿ ಅಂತ ಬರಿಯಾಕ ಬರಾಂಗಿಲ್ರಿ. ಉಡಿಕಿ ಆದ ಮ್ಯಾಲ ಆಕಿ ಪಾಲಪ್ಪನ ಹೇಣ್ತಿ. ನಿಮ್ಮ ಸೊಸಿ ಹೆಂಗಾದ್ಲು?"

"ನನ್ನ ಮಗ ಸತ್ತ. ಸೊಸಿ ಸತ್ತಿಲ್ಲಲ್ಲ. ಬರಿ."

"ಜನ ನಗ್ತಾರ್ರಿ."

"ನಗೋರಿಗೆ ಹಲ್ಲು ಇರ್ತಾವ, ನಗ್ಲಿ ಬಿಡು. ನೀ ಬರಿ" ಎಂದಳು ಮುದುಕಮ್ಮ. "ಇಲ್ಲಾಂದ್ರ ಲೇಖಣಿ ಇಲ್ಲಿ ಕೊಡು, ನಾವ ಬರಕೋತೀವಿ."

ಅವನು ಬರೆದ. ಓದಿ ನೋಡಿ ಸಹಿ ಹಾಕಿದೆ. ನನ್ನ ಕಣ್ಣೆದುರಿಗೆ ಮುದುಕಮ್ಮ ಒಂದು ಸಾಕ್ಷಿ, ಗವಿಸಿದ್ದಪ್ಪನೇ ಇನ್ನೊಂದು ಸಾಕ್ಷಿ ಹಾಕಿದರು.

ಒಳಗೆ ಹೋಗುವಷ್ಟರಲ್ಲಿ ದೊಡ್ಡಬಸಪ್ಪನ ಗಾಡಿ ಬಂತು. ರುಮಾಲು, ಕೋಟು, ಕೈಯಲ್ಲಿ ಬೆತ್ತ. ಅವನ ಹಿಂದೆ ಇಳಿದವನನ್ನು ನೋಡಿ ನನ್ನ ಎದೆ ಒಮ್ಮೆ ಹಾರಿತು. ಅವನು ಜಡೆಪ್ಪ, ನಮ್ಮ ಸೋದರಮಾವನ ಮಗ, ಕಂಪ್ಲಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಬಳಗದಲ್ಲಿ ಎಲ್ಲಿ ಪಂಚಾಯ್ತಿ ಕೂಡಿದರೂ ಪದ್ಧತಿ ಹೇಳಲು ಅವನೇ ಬೇಕು. ಊಟ ಬಿಟ್ಟಾದರೂ ಹೋಗಿ ಹೇಳುತ್ತಾನೆ, ಅಷ್ಟು ಹಿಗ್ಗು. ಪದ್ಧತಿ ಗೊತ್ತಿದ್ದವರನ್ನು ಕರೆತರಲಿ ಎಂದು ನಾನೇ ಹೇಳಿ ಕಳಿಸಿದ್ದೆ. ಇವನನ್ನೇ ತರುವಷ್ಟು ನನ್ನ ತಮ್ಮ ಮರೆತಿರುತ್ತಾನೆ ಎಂದು ಮಾತ್ರ ನಂಬಿಕೆ ಇರಲಿಲ್ಲ.

ಅಧಿಕಾರಿ ಹೊರಗಿನ ಊರಿನವರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದನ್ನು ನಿಮ್ಮ ಸ್ವಂತ ಇಷ್ಟದಿಂದ ಬರೆಸಿದಿರಾ ಅಮ್ಮ?"

"ಹೌದ್ರಿ."

"ಯಾರಾದರೂ ಓದಿ ಹೇಳಿದರೋ?"

"ನಾನ ಓದೀನ್ರಿ."

"ಸ್ವಾಮಿ, ತಕರಾರೈತಿ!" ದೊಡ್ಡಬಸಪ್ಪ ಬೆತ್ತ ಕುಟ್ಟಿದ. "ನಮ್ಮಕ್ಕಗ ವಯಸ್ಸಾಗಿ ಬುದ್ಧಿ ಕೆಟ್ಟೈತ್ರಿ. ಉಡಿಕಿ ಆಗಿ ಓಡಿಹೋದಾಕಿನ್ನ ಸೊಸಿ ಅಂತ ಬರಸ್ಯಾಳ. ಬುದ್ಧಿ ನೆಟ್ಟಗಿದ್ದೋರು ಮಾಡೋ ಕೆಲಸೇನ್ರಿ ಇದು?"

ಕಚೇರಿಯಲ್ಲಿ ಬೇರೆ ಕೆಲಸಕ್ಕೆ ಬಂದವರೆಲ್ಲ ತಿರುಗಿ ನೋಡಿದರು. ನನ್ನ ಕಿವಿ ಕಾದುಹೋಯಿತು. ನೆಲ ಗುಡಿಸಿದ ಅಕ್ಕಿಯನ್ನು ಒಡಹುಟ್ಟಿದವಳಿಗೆ ಕಳಿಸುವವನ ಬುದ್ಧಿ ನೆಟ್ಟಗಿದೆ, ಗಂಜಿ ಕುಡಿಸಿದವಳನ್ನು ನೆನೆಯುವ ನನ್ನ ಬುದ್ಧಿ ಕೆಟ್ಟಿದೆ! ಎದ್ದು ಕೂಗಬೇಕೆನ್ನಿಸಿತು. ಕೂಗಿದರೆ ಅವನ ಮಾತೇ ನಿಜವಾಗುತ್ತಿತ್ತು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತ ಕೂತೆ.

"ಇವರು ಯಾರು ಅಮ್ಮ?" ಎಂದರು ಅಧಿಕಾರಿ.

"ನನ್ನ ತಮ್ಮ ದೊಡ್ಡಬಸಪ್ಪ ರಿ. ನಾ ಎತ್ತಿ ಆಡಿಸಿದಾಂವ. ಆವಾಗ ನನಗ ಬುದ್ಧಿ ಇತ್ತು."

ಯಾರೋ ನಕ್ಕರು. ಅಧಿಕಾರಿ ಇನ್ನೂ ನಾಲ್ಕು ಮಾತು ಕೇಳಿದರು: ಹೊಲ ಎಲ್ಲಿದೆ, ಪಟ್ಟಾ ಯಾರ ಹೆಸರಿನಲ್ಲಿದೆ, ಯಾರಿಗೆ ಬರೆದಿರಿ, ಏಕೆ ಬರೆದಿರಿ. ಎಲ್ಲಕ್ಕೂ ನಿಧಾನವಾಗಿ ಉತ್ತರ ಕೊಟ್ಟೆ. ಪಟ್ಟಾ ತೋರಿಸಿದೆ. "ಬುದ್ಧಿ ಚೆನ್ನಾಗಿಯೇ ಇದೆಯಲ್ಲ" ಎಂದರು ಅವರು.

"ಬುದ್ಧಿ ಇರ್ಲಿ ಬಿಡ್ರಿ, ಹೊಲಾನ ಈಕೀದಲ್ಲ!"

"ಹೊಲ ಯಾರದೆಂದು ಹೇಳುವುದು ಕೋರ್ಟಿನ ಕೆಲಸ, ನನ್ನದಲ್ಲ."

"ಕೋರ್ಟಿಗೂ ಹೋಗ್ತೀನ್ರಿ. ಇಲ್ಲೇ ಹಿರ್ಯಾರದಾರ, ಪದ್ಧತಿ ಕೇಳ್ರಿ. ಹೇಳು ಜಡೆಪ್ಪ."

ಜಡೆಪ್ಪ ಶಲ್ಯ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ನಿಂತ. "ಸ್ವಾಮಿ, ನಮ್ಮ ಬಳಗದಾಗ ಮಗಳಿಗೆ ಅರಿಷಿಣ ಕುಂಕುಮಕ್ಕ ಅಂತ ಹೊಲ ಕೊಡ್ತೀವ್ರಿ. ಕುಂಕುಮ ಇರೋತನಕ ಆಕೀದು. ಗಂಡ ಸತ್ತ ಅಂದ್ರ ಹೊಲ ತಿರುಗಿ ತವರಿಗೆ. ಅಣ್ತಮ್ಮರಿಗೆ, ಅವರಿಲ್ಲಾಂದ್ರ ಅವರ ಮಕ್ಕಳಿಗೆ. ಇದರಾಗ ಎರಡು ಮಾತಿಲ್ರಿ."

"ಜಡೆಪ್ಪ" ಎಂದೆ, "ನನಗ ಕಿವಿ ಮಂದಪಾ. ಇನ್ನೊಮ್ಮೆ ಹೇಳು."

ಅವನಿಗೆ ಅದೇ ಬೇಕಿತ್ತು. ಇನ್ನೂ ಗಟ್ಟಿಯಾಗಿ ಹೇಳಿದ. "ಎಲ್ಲಾರ ಮನ್ಯಾಗೂ ಹಂಗ ಅತ್ತಿಗಿ. ಸಾಹುಕಾರನ ಮನ್ಯಾಗೂ ಅಷ್ಟ, ಬಡವನ ಮನ್ಯಾಗೂ ಅಷ್ಟ!"

"ಛಲೋ ಆತು. ಹಂಗಾರ ಇದೊಂದು ಹೇಳು. ನಮ್ಮವ್ವ ನಿಮ್ಮ ಮನಿ ಮಗಳಲ್ಲೇನು? ನಿಮ್ಮಪ್ಪನ ಅಕ್ಕ. ಆಕಿ ಮದುವ್ಯಾಗ ನಮ್ಮ ನಿಮ್ಮ ಅಜ್ಜ ಆಕಿ ಉಡ್ಯಾಗ ಏನು ಹಾಕಿದ್ದ?"

"ಕುಂಕುಮದ ಹೊಲ" ಎಂದ ಜಡೆಪ್ಪ ಹೆಮ್ಮೆಯಿಂದ. "ಕಂಪ್ಲಿ ದಾರಿ ಮಗ್ಗಲದು. ಅಂಥಾ ಹೊಲ ಊರಾಗ ಯಾರೂ ಮಗಳಿಗೆ ಕೊಟ್ಟಿರ್ಲಿಲ್ಲ."

"ಈಗ ಆ ಹೊಲದಾಗ ಏನೈತಿ?"

"ಅಲ್ಲಿ…" ಎಂದು ಶುರುಮಾಡಿ ಜಡೆಪ್ಪ ನಿಂತ. ಬಾಯಿ ಹಾಗೇ ತೆರೆದಿತ್ತು. "ಅಲ್ಲಿ ಭಾವನ ಮಿಲ್ಲೈತಿ."

"ನಮ್ಮಪ್ಪ ಸತ್ತು ಎಷ್ಟೋ ವರ್ಷ ನಮ್ಮವ್ವ ಇದ್ಲು. ಆವಾಗ ಆಕಿ ಹಣಿ ಮ್ಯಾಲ ಕುಂಕುಮ ಇತ್ತೇನಪಾ?"

ಜಡೆಪ್ಪ ನಿಧಾನವಾಗಿ ದೊಡ್ಡಬಸಪ್ಪನ ಕಡೆ ತಿರುಗಿದ. "ಭಾವಾ. ಹಂಗಾರ ಆ ಹೊಲ ನಮ್ಮ ಮನಿಗೆ ತಿರುಗಿ ಬರಬೇಕಿತ್ತು. ಇದನ್ನ ನೀ ಒಂದಿನಾನೂ ಹೇಳ್ಲಿಲ್ಲಲ್ಲ."

"ಲೇ, ಅದು ಬ್ಯಾರೆ ಲೇ!"

"ಹೆಂಗ ಬ್ಯಾರೆ? ನಾ ಈಗ ಎರಡು ಸಲ ಹೇಳೀನಿ, ಇಷ್ಟು ಮಂದಿ ಕೇಳ್ಯಾರ."

"ನಮ್ಮವ್ವಗ ಮಗ ಇದ್ದ. ನಾ ಇದ್ದೆ!"

ಆಗ ನಾನು ಎದ್ದು ನಿಂತೆ. "ನನಗೂ ಮಗ ಇದ್ದ, ದೊಡ್ಡಬಸಪ್ಪ. ಜಂಬಪ್ಪ ನನ್ನ ತೊಡಿಮ್ಯಾಲ ಕುಂತಿದ್ದ, ನೀ ಬಂದು ಹೊಲ ಕೇಳಿದಾಗ. ನಿನ್ನ ಕಣ್ಣಿಗೆ ಕಾಣಲಿಲ್ಲೇನು? ನಮ್ಮವ್ವನ ಹೊಲ ಆಕಿ ಮಗಗ ಬರಬೇಕು, ನನ್ನ ಹೊಲ ನನ್ನ ಮಗಗ ಬರಬಾರದು. ಎಲ್ಲಾ ಪದ್ಧತಿನೂ ಹರಕೊಂಡು ಬಂದು ನಿನ್ನ ಮಿಲ್ಲಿನಾಗ ಬೀಳಬೇಕು!"

"ಅಕ್ಕಾ, ಮಂದಿ ಅದಾರ…"

"ನನ್ನ ಬುದ್ಧಿ ಕೆಟ್ಟೈತಿ ಅಂದಾಗ ಮಂದಿ ಇರ್ಲಿಲ್ಲೇನು?"

ಅವನು ರುಮಾಲು ತೆಗೆದು ತಲೆ ಒರೆಸಿಕೊಂಡ. ಜಡೆಪ್ಪ ಅವನ ಮುಖವನ್ನೇ ನೋಡುತ್ತ ನಿಂತಿದ್ದ, ಬಟ್ಟೆ ಅಳೆಯುವವನ ಹಾಗೆ. ಅಧಿಕಾರಿ ಕೇಳಿದರು, "ತಕರಾರು ಬರೆದು ಕೊಡುತ್ತೀರೇನು? ಯಾವ ಪದ್ಧತಿಯ ಮೇಲೆ ಎಂದು ಸ್ಪಷ್ಟವಾಗಿ ಬರೆಯಬೇಕು."

ದೊಡ್ಡಬಸಪ್ಪ ಜಡೆಪ್ಪನನ್ನು ನೋಡಿದ, ನನ್ನನ್ನು ನೋಡಿದ. "ಬ್ಯಾಡ್ರಿ" ಎಂದ. "ಪದ್ಧತಿ ಅಂದ್ರ… ಎಲ್ಲಾ ಮನ್ಯಾಗೂ ಇರಾಂಗಿಲ್ರಿ ಅದು. ಮಾತಿಗೆ ಅಂತಾರ."

ಮಾತಿಗೆ! ಅಷ್ಟು ವರ್ಷ ನನ್ನ ಭತ್ತ ಅವನ ಗಾಡಿಯಲ್ಲಿ ಹೋದದ್ದು ಒಂದು ಮಾತಿಗೆ. ನನ್ನ ಹುಡುಗಿ ಹೊಸ್ತಿಲ ಆಚೆ ಉಳಿದದ್ದು ಒಂದು ಮಾತಿಗೆ. ಗೆದ್ದೆನೆಂಬ ಸಂತೋಷ ಆಗಬೇಕಿತ್ತೇನೋ, ಆಗಲಿಲ್ಲ. ಸಿಟ್ಟು ಇನ್ನಷ್ಟು ಏರಿತು. ಅಧಿಕಾರಿ ಉಯಿಲಿನ ಮೇಲೆ ಮುದ್ರೆ ಒತ್ತುವ ಸದ್ದು ಕೇಳಿದ ಮೇಲೆಯೇ ನನಗೆ ಉಸಿರು ಬಂದದ್ದು.

ಹೊರಗೆ ಬೇವಿನ ಮರದ ಕೆಳಗೆ ಅವನನ್ನು ನಿಲ್ಲಿಸಿದೆ. "ದೊಡ್ಡಬಸಪ್ಪ, ಉಯಿಲು ನಾ ಸತ್ತ ಮ್ಯಾಲಿನ ಮಾತು. ಬದುಕಿದ್ದಾಗಿನ ಮಾತು ಕೇಳು. ಈ ಸುಗ್ಗಿಗೆ ನಿನ್ನ ಗಾಡಿ ನನ್ನ ಹೊಲಕ್ಕ ಬರಬ್ಯಾಡ. ಹೊಳೆಮ್ಮ, ಪಾಲಪ್ಪ ಬಂದು ಕೊಯ್ತಾರ. ಮತ್ತ ನಿನ್ನ ದಾನದ ಅಕ್ಕಿ ನಮ್ಮ ಮನಿ ಕಟ್ಟಿಮ್ಯಾಲ ಇಟ್ಟೀನಿ. ಮಠಕ್ಕ ಒಯ್ದು ಕೊಡು. ಕಲ್ಲು ಆರಿಸಿ ಕೊಡು."

"ಅತ್ತಿಗಿ ಹೇಳಿದ್ದು ಕೇಳ್ತೇನು ಭಾವಾ?" ಎಂದ ಜಡೆಪ್ಪ. "ನಡಿ, ದಾರ್ಯಾಗ ನಾವೂ ಮಾತಾಡೋಣು. ನಮ್ಮತ್ತಿ ಹೊಲದ್ದು."

ಗಾಡಿ ಕಂಪ್ಲಿಯ ಕಡೆ ತಿರುಗಿತು. ತಿರುವಿನವರೆಗೂ ಜಡೆಪ್ಪನ ಕೈ ಬೀಸುತ್ತಿದ್ದುದು ಕಾಣುತ್ತಿತ್ತು. ಮುದುಕಮ್ಮ ಹೂವಿನ ಬುಟ್ಟಿ ಸೊಂಟಕ್ಕೇರಿಸಿ, "ಇವತ್ತು ಒಂದು ಮಾಲಿನೂ ಮಾರಲಿಲ್ಲ, ಆದ್ರೂ ಹೊಟ್ಟಿ ತುಂಬೇತಿ ನೋಡು" ಎಂದು ಓಣಿ ಹಿಡಿದಳು.

ನಾನು ಮನೆಗೆ ಹೋಗಲಿಲ್ಲ. ಡಬ್ಬಿಯಿಂದ ತೆಗೆದ ಕಾಗದ ಬೆಳಗಿನಿಂದ ಸೊಂಟದಲ್ಲೇ ಇತ್ತು. ಗವಿಸಿದ್ದಪ್ಪನ ಮೇಜಿಗೆ ಹೋಗಿ ಲೇಖಣಿ ಕೇಳಿದೆ. ಅವನು ತಾನೇ ಎದ್ದು ಕುರ್ಚಿ ಬಿಟ್ಟುಕೊಟ್ಟ. ಬಿಟ್ಟ ಕಡೆಯ ಸಾಲಿನಲ್ಲಿ ಬರೆದೆ: "ಕೊಯ್ಲಿಗೆ ನೀನೂ ಪಾಲಪ್ಪನೂ ಬನ್ನಿ. ಬಾಗಿಲಲ್ಲಿ ನಿಲ್ಲಬೇಡ, ಹೊಸ್ತಿಲು ತುಳಿದೇ ಒಳಗೆ ಬಾ."

ಅಂಚೆ ಕಚೇರಿಯ ಗುಮಾಸ್ತ ಲಕೋಟೆಯನ್ನು ತಿರುಗಿಸಿ ವಿಳಾಸ ಓದಿದ. "ಹೊಳೆಮ್ಮ, ಪಾಲಪ್ಪನ ಹೆಂಡತಿ, ಅದಿರು ತುಂಬುವವರ ಸಾಲು, ಯಶವಂತನಗರ, ಸಂಡೂರು ಸಂಸ್ಥಾನ. ಅಕ್ಷರ ಯಾರದಜ್ಜಿ?"

"ನಂದ."

"ಈ ಹೊಳೆಮ್ಮ ಯಾರು ನಿಮಗ?"

"ನನ್ನ ಸೊಸಿ" ಎಂದೆ.

ಅವನು ಮುದ್ರೆ ಕುಟ್ಟಿ ಕಾಗದವನ್ನು ಸಂಡೂರಿನ ಚೀಲಕ್ಕೆ ಎಸೆದ.